ಎಂಡೆಲ್‌ನ ಜಾವಾ

ತಾರ್ತುವಿನ ಅಂಗಡಿಯಲ್ಲಿ ರೈಗೊ ಎಂಬ ಹುಡುಗ
ಹೊಸ ಗಾಡಿಯ ಪರದೆ ಮುಟ್ಟಿ ಮುಟ್ಟಿ ತೋರಿಸಿದ:
ಮಳೆಗೊಂದು ನಡೆ, ಮರಳಿಗೊಂದು ನಡೆ,
ಟೈರಿನ ಉಸಿರೆಷ್ಟೆಂದು ತಾನೇ ಹೇಳುತ್ತದೆ,
ಕೆಟ್ಟರೆ, ಯಾಕೆ ಕೆಟ್ಟೆನೆಂದು
ಕಂಪನಿಗೆ ಮಾತ್ರ ಹೇಳುತ್ತದೆ.

ನಾನು ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವಳು.
ಕಳೆದ ಜನವರಿ, ಕಾಡಿನ ನಡುವೆ,
ಕಡಲೆಬೇಳೆಯಷ್ಟು ಹಳದಿ ದೀಪ ಹೊತ್ತಿಕೊಂಡು
ಗಟ್ಟಿಮುಟ್ಟು ಎಂಜಿನ್ನಿನ ಬಸ್ಸು ಹೆಜ್ಜೆ ಕೀಳಲಿಲ್ಲ.
ಮೂವತ್ತೊಂದು ಜನ, ಒಂದು ಕೂಸು,
ಯಾರದೋ ಹುಟ್ಟುಹಬ್ಬದ ಕೇಕು,
ನಾಲ್ಕು ಗಂಟೆ ಹಿಮದಲ್ಲಿ.
ಬಂದವನು ಲ್ಯಾಪ್‌ಟಾಪು ಚುಚ್ಚಿ ದೀಪ ಆರಿಸಿದ.
ಏನಾಗಿತ್ತು, ಎಂದೆ.
ಏನೂ ಆಗಿರಲಿಲ್ಲ, ಎಂದ.

ಪತ್ರಿಕೆಯ ಮೂಲೆಯಲ್ಲಿ ಒಂದೇ ಸಾಲು:
ಜಾವಾ, ಅರವತ್ತೊಂಬತ್ತರದು, ಕೈ ಇರುವವರಿಗೆ.

ವಿಲ್ಯಾಂಡಿಯಾಚೆ, ಸೌದೆಮನೆಯ ಬಾಗಿಲಲ್ಲಿ ಎಂಡೆಲ್ ನಿಂತಿದ್ದ.
ಕಣ್ಣು ಹೋಗಿ ಹನ್ನೊಂದು ವರ್ಷ.
ಬೆಲೆ ಕೇಳಿದರೆ, ಕಾರ್ಬುರೇಟರ್ ಬಿಚ್ಚು, ಎಂದ.
ಬಿಚ್ಚಿದೆ.
ದೀಪ ಆರಿಸಿ ಜೋಡಿಸು, ಎಂದ.
ದೀಪ ಉರಿಯುವುದು ನಿನಗೆ ಹೇಗೆ ಗೊತ್ತು?
ಬಲ್ಬು ಗುಂಯ್ಗುಡುತ್ತಿದೆಯಲ್ಲ.

ಕತ್ತಲಲ್ಲಿ ಬೆರಳಿಗೆ ಬೆರಳೇ ಅಡ್ಡ.
ಸಾಸಿವೆ ಕಾಳೂ ತೂರದ ಜೆಟ್ಟು ಎರಡು ಸಲ ಉರುಳಿತು.
ಒಂದು ಸ್ಕ್ರೂ ಅವನೇ ಹುಡುಕಿದ, ಬರಿಗಾಲಿನಲ್ಲಿ ತಡವಿ.

ಇದಕ್ಕಿರುವುದು ಮೂರೇ ಹಸಿವು, ಎಂದ:
ಕಿಡಿ, ಗಾಳಿ, ಎಣ್ಣೆ ಬೆರೆತ ಪೆಟ್ರೋಲು.
ನಿಂತರೆ ಮೂರರಲ್ಲೊಂದು ಸಿಕ್ಕಿಲ್ಲ.
ನಾಲ್ಕನೆಯದನ್ನು ಹುಡುಕುತ್ತ ಕೂರಬೇಡ.
ಒದೆಯುವ ಕಡ್ಡಿಯೇ ಗೇರಿನ ಕಡ್ಡಿ:
ಒಳಕ್ಕೊತ್ತು, ಮೇಲೆತ್ತು, ಒದೆ,
ಮಡಚಿ ಅದರಲ್ಲೇ ಗೇರು ಹಾಕು, ನಡೆ.
ಎರಡು ಕೆಲಸ ಬಲ್ಲ ಸಾಮಾನು ಮಾತ್ರ ಹೊರು ಹುಡುಗಿ,
ದೂರ ಹೋಗುವವರು ಹಗುರ ಇರಬೇಕು.
(ನನಗೆ ಐವತ್ತೊಂದು.)

ಗಂಟೆಗೆ ಎಪ್ಪತ್ತು ಮೀರದು, ಜಗತ್ತು ಸುತ್ತಲು ಸಾಕೇ?
ಜಗತ್ತೇನು ಓಡಿಹೋಗುತ್ತಿದೆಯಾ, ಎಂದ.

ದುಡ್ಡು ಎಣಿಸಿಕೊಂಡ ಮೇಲೆ, ಕೊನೆಗೆ,
ಬಣ್ಣ ಹಾಗೇ ಇದೆಯಾ? ಚೆರ್ರಿ.
ಮೂರು ಸಲ ಬಳಿದು ಅಂಗೈಯಲ್ಲಿ ಉಜ್ಜಿದ್ದೆ.
ಹೆಲ್ಲೆ ಟ್ಯಾಂಕಿನಲ್ಲಿ ಮುಖ ನೋಡಿ ತಲೆ ಬಾಚಿಕೊಂಡಿದ್ದಳು.
ಟ್ಯಾಂಕು, ಹಳೆಯ ಆಲೂಗಡ್ಡೆಯ ಸಿಪ್ಪೆ.
ಬಸ್ಸು ತಡವಾದಾಗಲೂ ಸುಳ್ಳಾಡದ ನಾನು
ಹಾಗೇ ಇದೆ, ಎಂದೆ.

ಆಮೇಲೆ ಹದಿನಾಲ್ಕು ವಾರ.
ದೋಣಿ, ಉಪ್ಪುಗಾಳಿ, ಹತ್ತಿಯ ಹೊಲ, ಟೈರಿಗೆ ಹನ್ನೆರಡು ತೇಪೆ.
ಪಾಮಿರಿನ ಬೋಳು ರಸ್ತೆಯಲ್ಲಿ ಎಡ ಸೈಲೆನ್ಸರು ಸೀಳಿತು.
ತಾಶ್ತಾನ್ ಎಂಬ ಬೆಸುಗೆಯವನು
ಅನಾನಸಿನ ಖಾಲಿ ಡಬ್ಬಿ ಕತ್ತರಿಸಿ ಸುತ್ತಿದ,
ದುಡ್ಡು ಬೇಡವೆಂದ,
ಊರಿಗೊಂದು ಸುತ್ತು ಹಾಕಿ
ಕಣ್ಣಲ್ಲಿ ಧೂಳೆಂದು ಮುಖ ಒರೆಸಿಕೊಂಡ:
ಅವನಪ್ಪನ ಬಳಿಯೂ ಒಂದಿತ್ತಂತೆ.

ಮುರ್ಗಾಬ್‌ನಲ್ಲಿ ಝಿಪಾರಳ ಮನೆ.
ಅವಳ ಫೋನಿನಲ್ಲಿ ಎಂಡೆಲ್ ಸಿಕ್ಕ.
ಎಂಜಿನ್ನಿಗೆ ಕೊಡು ಫೋನು, ಎಂದ. ಹಿಡಿದೆ.
ಬಹಳ ಹೊತ್ತು ಕೇಳಿದ.

ಉಸಿರು ಕಟ್ಟುತ್ತಿದೆ ಅದಕ್ಕೆ.
ಎತ್ತರದಲ್ಲಿದ್ದೀಯ. ಗಾಳಿ ತೆಳು, ಪೆಟ್ರೋಲು ಹೆಚ್ಚು.
ಸೂಜಿ ಒಂದು ಮೆಟ್ಟಿಲು ಇಳಿಸು.
ಎಡಗಡೆ ಯಾರೋ ತಗಡು ಸುತ್ತಿದ್ದಾರೆ. ಕೆಲಸ ಬಲ್ಲವನು.

ಝಿಪಾರಳ ಮಗಳು ಟ್ಯಾಂಕಿನ ಧೂಳಿನಲ್ಲಿ
ಬೆರಳಿಂದ ಯಾಕ್ ಬರೆಯುತ್ತಿದ್ದಳು, ಕೊಂಬು ಮೂರು.
ಎಂಡೆಲ್, ಎಂದೆ, ಬಣ್ಣ...
ಗೊತ್ತು.
ಅವತ್ತೇ ನಿನ್ನ ಉಗುರು ಟ್ಯಾಂಕಿಗೆ ತಾಗಿತ್ತು.
ಬಣ್ಣ ಹೊದ್ದ ತಗಡು ಹಾಗೆ ಕರಕರ ಅನ್ನುವುದಿಲ್ಲ.

ಇಡು ಇನ್ನು. ಯಾರದೋ ಫೋನು, ಯಾರದೋ ದುಡ್ಡು.