ಹತ್ತೊಂಬತ್ತನೆಯ ಮನೆ

ಅರ್ಜಿಯೆಂದರೆ ನನಗೆ ಚೌಕಾಬಾರ.
ಒಂದೊಂದು ಚೌಕವನ್ನೂ ಮನೆ ಅಂತಲೇ ಕರೆಯುತ್ತೇನೆ:
ಹೆಸರಿನ ಮನೆ, ಅಪ್ಪನ ಹೆಸರಿನ ಮನೆ, ವರಮಾನದ ಮನೆ.
ಕುರಿಯಾತ್ ಪೇಟೆಯ ತುದಿಗೆ, ಪಂಕ್ಚರಿನವನ ಪಕ್ಕ,
ಎಂಟಡಿಗೆ ಹತ್ತಡಿ ಟೈಪಿಂಗ್ ಅಂಗಡಿಯಲ್ಲಿ
ಹನ್ನೊಂದು ವರ್ಷದಿಂದ ಕೂತು
ಊರವರಿಗೆ ಮನೆ ಕಟ್ಟಿಸುತ್ತಿದ್ದೇನೆ, ಕೀಲಿಮಣೆಯಲ್ಲಿ.
ಅರ್ಜಿಯೊಂದಕ್ಕೆ ಒಂದೂವರೆ ರಿಯಾಲು.

ಹಳ್ಳಿಯ ಮನೆಸಾಲಕ್ಕೆ ಸರಕಾರದ್ದೇ ಜಾಮೀನು.
ಷರತ್ತುಗಳು ಬಾಯಿಪಾಠ:
ವರಮಾನ ಇಷ್ಟರೊಳಗೆ, ಉಣ್ಣುವ ಬಾಯಿ ಇಷ್ಟಕ್ಕೆ ಮೇಲೆ,
ಜಾಗ ಕೆರೆಯ ಆಚೆ ದಡದ್ದಾದರೆ ಹಳ್ಳಿ,
ಈಚೆಯದಾದರೆ ಪೇಟೆ.
ಕೆರೆ ಅನ್ನುವುದು ನನ್ನ ಬಾಯಿಚಟ.
ಅಣೆ ಕಟ್ಟಿದ ಮೇಲೆ ವಾದಿಯಲ್ಲಿ ನಿಂತುಕೊಂಡ ನೀರು ಅದು,
ಇವರು ಸದ್ದ್ ಅನ್ನುತ್ತಾರೆ.
ಸದ್ದೇ ಮಾಡುವುದಿಲ್ಲ ಅದು.

ಝುವೈನಾ ಬಿಂತ್ ಖಲ್ಫಾನ್ ಬಂದದ್ದು ಮಂಗಳವಾರ,
ಝುಹರ್ ಬಾಂಗಿಗೆ ಸ್ವಲ್ಪ ಮುಂಚೆ.
ಮೊಮ್ಮಗ ಪಿಕಪ್ಪಿನಲ್ಲೇ ಕೂತು ಫೋನು ತಿಕ್ಕುತ್ತಿದ್ದ.
ಬೇಡವೆಂದರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು.
ವಯಸ್ಸು ಅರವತ್ತಮೂರು. ಗಂಡನಿಲ್ಲ. ಬಾಯಿ ಆರು.
ವರಮಾನ, ಹೇಳಿಕೊಳ್ಳುವಷ್ಟಿಲ್ಲ.
ಮನೆಮನೆ ದಾಟಿದಳು, ಒಂದು ಕಾಯಿಯೂ ಹೊಡೆಸಿಕೊಳ್ಳದೆ.

ಹತ್ತೊಂಬತ್ತರಲ್ಲಿ ಸಿಕ್ಕಿಬಿದ್ದಳು.
ಸ್ವಂತ ಮನೆ ಇದೆಯೇ?
"ಇದೆ."
ಇದ್ದರೆ ಸಾಲ ಇಲ್ಲ ಉಮ್ಮಾ.
"ಇರುವುದನ್ನ ಇಲ್ಲ ಅನ್ನಲಾ?"
ಚೀಲದಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟಳು,
ಅಂಗೈಯುದ್ದದ ಕಬ್ಬಿಣ, ಎಣ್ಣೆ ಒರೆಸಿದ್ದು.
ಮೂರು ಕೋಣೆಯಂತೆ. ಎಲಚಿಮರದ ಬಾಗಿಲು,
ಅಂಗಳದಲ್ಲಿ ನಿಂಬೆ, ಅದರ ಬುಡಕ್ಕೆ ಪಾತ್ರೆ ತೊಳೆದ ನೀರು.
ಎಲ್ಲಿದೆ?
ಗದ್ದ ಎತ್ತಿ ಗುಡ್ಡದ ಕಡೆ ತೋರಿಸಿದಳು:
"ಸದ್ದಿನ ಅಡಿಗೆ."

ಪರಿಹಾರ ಬಂದಿತ್ತು. ಪತ್ರ ಭಾವನ ಹೆಸರಲ್ಲಿತ್ತು.
ಭಾವ ದೋಣಿ ಕೊಂಡ, ದೋಣಿ ಮಾರಿದ, ತೀರಿಕೊಂಡ.
ಕರೆಂಟಿನವರು ಮಾತ್ರ ಎರಡು ವರ್ಷ ಬಿಲ್ಲು ಕಳಿಸಿದರು
ಮುಳುಗಿದ ಮೀಟರಿಗೆ.
ಇವಳು ಕಟ್ಟಿದಳು.
"ನನ್ನ ಮನೆಯದಲ್ಲವಾ."

ಅರಬ್ಬಿ ಕೀಲಿಮಣೆಯಲ್ಲಿ
ಇಲ್ಲ ಅನ್ನುವುದಕ್ಕೆ ಒಂದೇ ಗುಂಡಿ ಸಾಕು,
ಲಾಮೂ ಅಲಿಫೂ ಅಲ್ಲಿ ಅಂಟಿಕೊಂಡೇ ಕೂತಿವೆ.
ಹೌದು ಅನ್ನುವುದಕ್ಕೆ ಮೂರು ಬೇಕು.
ಶಿರೂರಿನ ಮದರಸಾದಲ್ಲಿ
ಬೆತ್ತದ ನೆರಳಿನಲ್ಲಿ ಕಲಿತ ಅಕ್ಷರ,
ಉಸ್ತಾದರು ಇದನ್ನು ಹೇಳಿಕೊಟ್ಟಿರಲಿಲ್ಲ.
ನಾನು ಒಂದೇ ಗುಂಡಿ ಒತ್ತಿದೆ.

"ಓದು," ಅಂದಳು.
ಓದಿದೆ. ಹತ್ತೊಂಬತ್ತಕ್ಕೆ ಕೈ ಎತ್ತಿದಳು,
ಬಸ್ಸು ನಿಲ್ಲಿಸುವವಳ ಹಾಗೆ.
ಅಳಿಸಿ, ಮೂರು ಅಕ್ಷರ ಹೊಡೆದೆ.
ಷರಾ ಮನೆಯಲ್ಲಿ ಇನ್ನೂರು ಅಕ್ಷರಕ್ಕೆ ಜಾಗ ಇತ್ತು:
ಮನೆ ಇದೆ. ನೀರಿನೊಳಗಿದೆ.
ಉಳಿದ ಜಾಗ ಹಾಗೇ ಬಿಟ್ಟೆ.
ಹೆಬ್ಬೆಟ್ಟು ಒತ್ತಿ, ಶಾಯಿ ಒರೆಸಿಕೊಂಡು,
ಕೀಲಿಯನ್ನು ಮರೆಯದೆ ಎತ್ತಿಕೊಂಡು ಹೋದಳು.

ಆರು ಜನ ಮಲಗುವ ಕೋಣೆ ನನ್ನದು, ಮೇಲಿನ ಹಲಗೆ.
ಹತ್ತೊಂಬತ್ತನೆಯ ಪ್ರಶ್ನೆ ನನ್ನನ್ನು ಯಾರೂ ಕೇಳಿಲ್ಲ.
ಕೇಳಿಸಿಕೊಳ್ಳಲಿಕ್ಕೂ ಅರ್ಹತೆ ಬೇಕಲ್ಲ.
ಆ ರಾತ್ರಿ ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುವಾಗ
ಯಾರದೋ ನಿಂಬೆಗಿಡ ನೆನಪಾಯಿತು, ಅಷ್ಟೆ.

ಏಳು ವಾರಕ್ಕೆ ಉತ್ತರ ಬಂತು.
ಮಂಜೂರು ಅಲ್ಲ, ತಿರಸ್ಕಾರವೂ ಅಲ್ಲ:
ಸ್ಥಳ ಪರಿಶೀಲನೆಗಾಗಿ
ಮನೆ ತೆರೆದಿರುವ ದಿನಾಂಕ ತಿಳಿಸತಕ್ಕದ್ದು.
ಫೋನಿನಲ್ಲಿ ಓದಿ ಹೇಳಿದೆ, ನಗು ತಡೆದುಕೊಂಡು.
ಅವಳು ನಗಲಿಲ್ಲ.
ಬೆರಳು ಮಡಚಿ ಎಣಿಸುತ್ತಿದ್ದಳು ಅಂತ ಕಾಣುತ್ತದೆ,
ಆಚೆ ಬದಿ ಅಷ್ಟು ಹೊತ್ತು ಸುಮ್ಮನಿತ್ತು.

"ಕೊನೆಯ ಖರ್ಜೂರ ಇಳಿಸುವ ಹೊತ್ತಿಗೆ
ನೀರೂ ಇಳಿಯುತ್ತದೆ. ಆಗ ಬರಲಿ.
ಮಾಡಿನ ಅಂಚಾದರೂ ಕಂಡೀತು.
ಎಷ್ಟು ಜನ ಬರುತ್ತಾರೆ ಕೇಳು,
ಕಾಫಿ ಇಡಬೇಕು."

ಉತ್ತರ ಟೈಪು ಮಾಡಿದೆ. ಅರ್ಧ ರಿಯಾಲು ತಗೊಂಡೆ.
ಕಾಫಿಯ ಮಾತಿಗೆ ಆ ಹಾಳೆಯಲ್ಲಿ ಮನೆ ಇರಲಿಲ್ಲ,
ಅಂಚಿನಲ್ಲಿ ಬರೆದೆ, ಪೆನ್ನಿನಲ್ಲಿ.