ಚಿಣ್ಣವ್ವನ ಪಾಲು

ವಿರಾಜಪೇಟೆ. ಗಡಿಯಾರ ಕಂಬದ ಹಿಂದಿನ ಇಳಿಜಾರು.
ಫೆಲಿಕ್ಸ್ ಲೋಬೊ ಅವರ ಅಂಗಡಿಯಲ್ಲಿ
ಮುಂದೆ ರಮ್ಮು, ಬ್ರಾಂದಿ, ಜನ.
ಹಿಂದೆ, ಬಲ್ಬು ಸುಟ್ಟುಹೋದ ಮೂಲೆಯಲ್ಲಿ, ವೈನು,
ವಾರ್ಡಿನ ರೋಗಿಗಳ ಹಾಗೆ ಸಾಲಾಗಿ ಮಲಗಿದ್ದು.

ಶಿರಾಜ್ ಬೇಕು, ಅಂದೆ.
ಯಾವ ಊರಿನದು? ಅಂದರು.

ಆ ಪ್ರಶ್ನೆ ಕೇಳಬೇಕಾದವಳು ನಾನು.
ಹದಿನೆಂಟು ವರ್ಷ ಕ್ಯೂರಿಂಗ್ ವರ್ಕ್ಸಿನ ಮೇಜಿಗೆ ಬಾಗಿ
ಚಮಚೆಯ ಕಾಫಿಯನ್ನು ಸುರ್ರೆಂದು ಎಳೆದು, ಉಗಿದು,
ಇದು ಸುಂಟಿಕೊಪ್ಪದ್ದು, ಇದು ಸಿದ್ದಾಪುರದ ತಗ್ಗಿನದು,
ಇದರ ಪಕ್ಕ ಕಿತ್ತಳೆ ಇತ್ತು,
ಇದು ಕಣದಲ್ಲಿದ್ದಾಗ ಮಳೆ ಬಿತ್ತು
ಎಂದು ಹೇಳುತ್ತ ಬಂದವಳು.
ಉಗಿದದ್ದಕ್ಕೇ ಸಂಬಳ.
ಇವತ್ತು ಕೊಳ್ಳುವುದು ನುಂಗುವವಳಿಗೆ.
ನುಂಗುವವಳು ಹೋಗಿ ಹನ್ನೊಂದು ತಿಂಗಳು.

ಭಾನುವಾರ ಕಾರಣರಿಗೆ ಮೀದಿ ಇಡುತ್ತೇವೆ.
ಅಜ್ಜಂದಿರಿಗೆಲ್ಲ ಬ್ರಾಂದಿ, ಅದರಲ್ಲಿ ಚರ್ಚೆಯಿಲ್ಲ.
ಚಿಣ್ಣವ್ವ ಮಾವಿ ಮಾತ್ರ ಬ್ರಾಂದಿಯನ್ನು
ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿದ್ದು ಬಿಟ್ಟರೆ ಮುಟ್ಟಿದವಳಲ್ಲ.
ಅವಳದು ಭರಣಿ.
ಸಂತೆಯ ಕಪ್ಪು ದ್ರಾಕ್ಷಿ, ಸಕ್ಕರೆ, ಹಿಡಿ ಗೋಧಿ, ಲವಂಗ,
ಬಾಯಿಗೆ ಬಿಳಿ ಬಟ್ಟೆ, ನಲವತ್ತು ದಿನ.
ಸಿಹಿಯೆಂದರೆ ಎಂಥ ಸಿಹಿ,
ತೊಳೆದಿಟ್ಟ ಲೋಟಕ್ಕೂ ಇರುವೆ ಬರುತ್ತಿತ್ತು.
ಆ ದ್ರಾಕ್ಷಿಗೆ ಊರಿರಲಿಲ್ಲ, ಬುಟ್ಟಿಯಿತ್ತು.

ಒಮ್ಮೆ ಅಮ್ಮತ್ತಿಯ ಮದುವೆಯಲ್ಲಿ
ಯಾರೋ ಕೈಗಿತ್ತ ಕೆಂಪು ವೈನನ್ನು ಒಂದು ಗುಟುಕು ಕುಡಿದು
ಹುಬ್ಬು ಗಂಟಿಕ್ಕಿ, ಇನ್ನೊಂದು ಗುಟುಕು ಕುಡಿದು,
"ಇದರಲ್ಲಿ ನಮ್ಮ ಕರಿಮೆಣಸು ಉಂಟಲ್ಲ!" ಅಂದಳು.
ಬಡಿಸುವ ಹುಡುಗನ ತೋಳು ಹಿಡಿದು ಹೆಸರು ಕೇಳಿದಳು.
ಶಿರಾಜ್, ಅಂದ. ಊರು ಅವನಿಗೂ ಗೊತ್ತಿಲ್ಲ.
ಬಿರಡೆಯನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದಳು.

ಅದು ಈಗ ನನ್ನ ಕಿಸೆಯಲ್ಲಿದೆ,
ಒಂದು ತುದಿ ನೇರಳೆ, ಅಕ್ಷರ ಅಳಿಸಿದೆ.

ಲೋಬೊ ಕನ್ನಡಕ ಹಣೆಗೇರಿಸಿ ಅದನ್ನು ಮೂಸಿದರು.
"ಆಸ್ಟ್ರೇಲಿಯದ್ದಿರಲಿಕ್ಕಿಲ್ಲ. ಅವರದು ಹೆಚ್ಚಾಗಿ ತಿರುಪಿನ ಮುಚ್ಚಳ."
ಬರೊಸ್ಸಾದ ಬಾಟಲಿ ಪಕ್ಕಕ್ಕೆ ಸರಿಯಿತು.
ಅದು ಬಿಸಿಲ ಸೀಮೆ, ಅಂದರು, ಹಣ್ಣು ಬಳ್ಳಿಯಲ್ಲೇ ಪಾಕವಾಗುತ್ತದೆ,
ಅಂಜೂರ, ಚಾಕಲೇಟು, ಬಾಯಿ ತುಂಬ ಮೈ.
"ಮೆಣಸು ಬೇಕಾದರೆ ಚಳಿ ಬೇಕು.
ಫ್ರಾನ್ಸಿನಲ್ಲಿ ರೋನ್ ಅಂತ ನದಿ, ಅದರ ಮೇಲಿನ ದಂಡೆ.
ಅಲ್ಲಿ ಇದೇ ದ್ರಾಕ್ಷಿಗೆ ಸಿರಾ ಅನ್ನುತ್ತಾರೆ."
ಬೆಲೆ ನೋಡಿದೆ.
ಸಿರಾ ತನ್ನ ದಂಡೆಯಲ್ಲೇ ಸುಖವಾಗಿರಲಿ.

ಶಿರಾಜ್ ಅಂದರೆ ಇರಾನಿನ ಊರಲ್ಲವಾ?
ಹೆಸರಷ್ಟೆ, ಬಳ್ಳಿ ಅಲ್ಲಿಯದಲ್ಲವಂತೆ.
ಇರಬಹುದು. ಮಂಗಳೂರು ಸೌತೆ
ನಮ್ಮ ಹಿತ್ತಲಲ್ಲೇ ಬೆಳೆಯುತ್ತದೆ.

ಉಳಿದದ್ದು ಎರಡು. ನಾಸಿಕದ್ದೊಂದು,
ಹಂಪಿಯ ಆಚೆಯ ಕಲ್ಲುಗುಡ್ಡದ್ದೊಂದು.
ಎರಡಕ್ಕೂ ಬಿರಡೆಯೇ. ಎರಡರ ಚೀಟಿಯಲ್ಲೂ
ಕರಿಮೆಣಸು ಎಂದು ಬರೆದಿದೆ.
ಮೂಟೆಯ ಮೇಲಿನ ಬರಹ ನಂಬಿದ್ದರೆ
ನನ್ನ ಕೆಲಸ ಎಂದೋ ಹೋಗುತ್ತಿತ್ತು.
ಮುಚ್ಚಿದ ಗಾಜಿಗೆ ಮೂಗಿಟ್ಟೆ. ಧೂಳು.

ಆಗ ನೆನಪಾಯಿತು, ಆ ಮದುವೆ ಫೆಬ್ರುವರಿಯಲ್ಲಿ.
ಕಣದ ತುಂಬ ಮೆಣಸು.
ಕೆಲಸದವರು ಬಾರದೆ ಬೆಳಗಿನಿಂದ ತಾನೇ ತೆನೆ ತಿಕ್ಕಿ,
ಹನ್ನೊಂದಕ್ಕೆ ಸೋಪು ಹಚ್ಚಿ, ಉಗುರು ಬಿಳುಪಾಗದೆ,
ಅದೇ ಕೈಯಲ್ಲಿ ಲೋಟ ಹಿಡಿದಿದ್ದಳು ಮಾವಿ.

ಬಿರಡೆಯನ್ನು ಮತ್ತೆ ಕಿಸೆಗೆ ಹಾಕಿದೆ.
ಲೋಬೊಗೆ ಏನೂ ಹೇಳಲಿಲ್ಲ; ಪಾಪ,
ಭೂಗೋಳವನ್ನೇ ಮೇಜಿನ ಮೇಲೆ ಹರಡಿದ್ದರು.
ರಾತ್ರಿ ಎಲ್ಲಿ ಹೆಚ್ಚು ತಣ್ಣಗೆ? ಕೇಳಿದೆ.
ಗೊತ್ತಿಲ್ಲ ಅಂದರು. ಅದು ನನಗೆ ಹಿಡಿಸಿತು.
ಕಲ್ಲುಗುಡ್ಡದ್ದನ್ನೇ ಕೊಡಿ, ಅಂದೆ,
ಕಲ್ಲಿನ ಸಂದಿಯಲ್ಲಿ ಬೇರಿಟ್ಟದ್ದು
ಅವಳ ಹಟಕ್ಕೆ ಸರಿಹೋದೀತು.

ಬಲ್ಯಪ್ಪ ನಗುತ್ತಾರೆ, ಇದೆಂಥ ಶಾಯಿ ಅಂತ.
ನಗಲಿ. ಎಲೆಯ ಮುಂದೆ ಸುರಿಯುವ ಮೊದಲು
ನಾಲ್ಕು ಕಾಳು ಅಂಗೈಯಲ್ಲಿ ತಿಕ್ಕಿಕೊಳ್ಳುತ್ತೇನೆ.
ಬಾಟಲಿಯಲ್ಲಿ ಉಳಿದದ್ದು ನನಗೆ.
ಅದನ್ನು ಉಗಿಯುವುದಿಲ್ಲ.