ಕಾಲಂ ಹತ್ತು

ಬಾಗೇಪಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ, ಕೋಳಿ ಅಂಗಡಿ ದಾಟಿ,
ಬಿದಿರು ಸೀಳುವ ಸದ್ದಿನ ಕಡೆ ತಿರುಗಿದರೆ
ಮನೆ ನಂಬರ್ ನಲವತ್ತೊಂದು.
ಸುಂಕುಲಮ್ಮ ಕಾಲ್ಬೆರಳಲ್ಲಿ ಮೊರದ ಅಂಚು ಒತ್ತಿ ಹಿಡಿದೇ
ಎಲ್ಲ ಹೇಳಿದಳು: ವಯಸ್ಸು ಅಂದಾಜು,
ಹೆತ್ತದ್ದು ಆರು, ಉಳಿದದ್ದು ನಾಲ್ಕು,
ನೀರು ಬೀದಿಯದು, ಕಕ್ಕಸು ಕಟ್ಟಿದೆ, ಬಾಗಿಲಿಲ್ಲ.

'ಮಾತೃಭಾಷೆ?'
'ತೆಲುಗು ಬರ್ಕೊ ಮೇಡಂ. ಕನ್ನಡ ಅಂದ್ರೂ ಸರಿ. ನಿನ್ನಿಷ್ಟ.'

ಒಳಗಿಂದ ಯಾರೋ ಏನೋ ಕೇಳಿದರು.
ಇವಳು ತಿರುಗದೆ ಉತ್ತರ ಕೊಟ್ಟಳು.
ಅದು ತೆಲುಗಲ್ಲ.
ನನಗೆ ತೆಲುಗು ಬರುತ್ತದೆ, ಅಮ್ಮ ಬೈದದ್ದೆಲ್ಲ ಅದರಲ್ಲೇ.
ತಮಿಳೂ ಅಲ್ಲ, ಆದರೆ ತಮಿಳಿನ ಮನೆಯಿಂದ ಎಂದೋ ಆಡಲು ಹೊರಟು
ಕತ್ತಲಾದರೂ ಹಿಂತಿರುಗದ ಮಗುವಿನ ಹಾಗಿತ್ತು.

'ಈಗ ಆಡಿದ್ದು?'
'ಅದಾ! ಅದು ಮಾತು.'
'ಹೆಸರು?'
'ಮಾತಿಗೆಂಥ ಹೆಸರು? ನಾವು ನಾವೇ ಇದ್ದಾಗ ಆಡೋದು.'

ತಾಲ್ಲೂಕಾಫೀಸಿನ ಬಾಗಿಲಲ್ಲಿ ಕನ್ನಡ,
ಕಡ್ಲೇಕಾಯಿ ಮಂಡಿಯಲ್ಲಿ ತೆಲುಗು,
ಬಿದಿರು ತರುವ ದಸ್ತಗೀರ್ ಸಾಬರ ಹತ್ತಿರ ಉರ್ದು.
ಮೂರೂ ಮೆಟ್ಟಿಕೊಂಡು ಹೋಗುವಂಥವು.
ನಾಲ್ಕನೆಯದು ಬರಿಗಾಲು.

ಅತ್ತೆ ಹೇಳಿದ್ದಳಂತೆ: ಠಾಣೆ ಮುಂದೆ ಮಾತ್ರ ಬಾಯಿಗೆ ತರಬೇಡ.
ಆ ಕಾಲಕ್ಕೆ ಒಂದು ಪದ ಸಾಕಿತ್ತಂತೆ
ಹೆಸರು ಬರೆದು ಕೂರಿಸಿಕೊಳ್ಳಲು.
ಠಾಣೆ ಬೇರೆ ರಸ್ತೆಗೆ ಹೋಗಿ ಎಷ್ಟೋ ವರ್ಷ.
ಹಳೇ ಕಟ್ಟಡದ ಹತ್ತಿರ ಅವಳ ದನಿ ಈಗಲೂ ತಗ್ಗುತ್ತದೆ, ತಾನಾಗಿ.

ಮೊಮ್ಮಗಳು ಪಾವನಿ, ಹತ್ತನೇ ಕ್ಲಾಸು,
ಕದಿರಿಯ ಚಿಕ್ಕಮ್ಮನ ಮಗಳಿಗೆ ಅದರಲ್ಲೇ ಮೆಸೇಜು ಹಾಕುತ್ತಿದ್ದಳು,
ಕನ್ನಡದ ಅಕ್ಷರ ಸಾಲ ತಂದು.
ಫೋನು ಒಪ್ಪಲಿಲ್ಲ. ಬರೆದದ್ದೆಲ್ಲ ತಪ್ಪೆಂದು ತಿದ್ದಿತು.
ಅಜ್ಜಿ ಅಂತ ಅವರ ಮಾತಲ್ಲಿ ಒತ್ತಿದರೆ
'ಅರ್ಜಿ' ಅಂತ ಹೋಯಿತಂತೆ.
ಈಗ ಬರೀ ವಾಯ್ಸು ಕಳಿಸುತ್ತಾಳೆ, ಫೋನನ್ನು ತುಟಿಯ ಹತ್ತಿರ ಹಿಡಿದು,
ಬಿಸಿ ಟೀ ಊದುವವಳ ಹಾಗೆ.

ಪಟ್ಟಿಯಲ್ಲಿ ಎರಡು ಸಲ ಹುಡುಕಿದೆ. ಕೋಡ್ ಇಲ್ಲ.
'ಇತರೆ' ಅಂತ ಹಾಕಿದೆ.
ಕಳೆದ ವಾರ ಹಕ್ಕಿಪಿಕ್ಕಿಯವರನ್ನೂ ಅಲ್ಲೇ ಕೂರಿಸಿದ್ದೆ,
ಕೆರೆಯಂಗಳದ ಗುಡಾರದವರನ್ನೂ.
ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದವರು,
ಮೂರಕ್ಷರದ ಒಂದೇ ಬೆಂಚಿನ ಮೇಲೆ.

ನಮ್ಮ ಮನೆಯ ಫಾರಂ ನಾನೇ ತುಂಬಿದ್ದು. ಕನ್ನಡ, ಅಂತ.
ಅಮ್ಮ ಪಕ್ಕದಲ್ಲೇ ಹುಣಿಸೇಹಣ್ಣು ಬಿಡಿಸುತ್ತಿದ್ದಳು.
ಏನೂ ಅನ್ನಲಿಲ್ಲ.

ಹೊರಡುವಾಗ ಮೊರಕ್ಕೆ ರೇಟು ಕೇಳಿದೆ. ಇನ್ನೂರು.
ಅಜ್ಜಿ ಮೊಮ್ಮಗಳು ಮುಖ ನೋಡಿಕೊಂಡು ಎರಡು ಮಾತಾಡಿದರು,
ನನ್ನೆದುರೇ, ನಾನು ಅಲ್ಲಿಲ್ಲವೆಂಬಷ್ಟು ಜೋರಾಗಿ.
ಪಾವನಿ ಬಾಯಿಗೆ ಲಂಗದ ಚುಂಗು ತುರುಕಿಕೊಂಡು ನಕ್ಕಳು.
'ನೂರೆಪ್ಪತ್ತು ಕೊಡು.'

ಯಾಕೆ ಇಳಿಸಿದಳೋ. ಬಿಸಿಲಲ್ಲಿ ಬಂದಿದ್ದೀನೆಂದೋ,
ಇಷ್ಟು ಓದಿಯೂ ಇದೊಂದು ತಿಳಿಯದವಳೆಂದೋ.
ಏನಂದ್ರಿ ಈಗ, ಅಂದೆ.

'ಅದನ್ನ ಬರ್ಕೋಬ್ಯಾಡ' ಅಂದಳು.